ಹಿಂಗಾಲು ಸೋತ ನಾಯಿಗೆ ಮೊದಲು ನರಪರೀಕ್ಷೆ ನಡೆಯಲಿ

ಮಾನ್ಯ ಸಂಪಾದಕರೇ,

ಸಾಕುನಾಯಿಯ ಹಿಂಗಾಲು ಸೋತರೆ ಕ್ಯಾಲ್ಸಿಯಂ, ವಿಟಮಿನ್ ಚುಚ್ಚುಮದ್ದು ಹಾಕಿಸಿ ದಿನಗಟ್ಟಲೆ ಕಾಯುವ ರೂಢಿ ನಮ್ಮ ಪಟ್ಟಣಗಳಲ್ಲಿ ಇನ್ನೂ ಇದೆ. ತೊಂದರೆಯು ಮಿದುಳು, ಬೆನ್ನುಹುರಿ, ಕಾಲಿನ ನರ, ನರವು ಸ್ನಾಯುವನ್ನು ಸೇರುವ ಜಾಗ ಅಥವಾ ಸ್ನಾಯುವಿನಲ್ಲೇ ಇರಬಹುದಾದ್ದರಿಂದ, ಅದು ಎಲ್ಲಿದೆಯೆಂದು ಮೊದಲು ಗುರುತಿಸದೆ ಮದ್ದು ಕೊಡುವುದರಲ್ಲಿ ಅರ್ಥವಿಲ್ಲ.

ಹೀಗೆ ಗುರುತಿಸುವ ನರಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಕಿಲ್ಲ. ಪಾದವನ್ನು ಮಡಚಿ ನೆಲಕ್ಕಿಟ್ಟಾಗ ನಾಯಿ ಕೂಡಲೇ ಸರಿಪಡಿಸಿಕೊಳ್ಳುತ್ತದೆಯೇ, ಮಂಡಿಯ ಕೆಳಗೆ ತಟ್ಟಿದರೆ ಕಾಲು ಚಿಮ್ಮುತ್ತದೆಯೇ, ಬೆನ್ನಿನ ಚರ್ಮವನ್ನು ಚಿವುಟುತ್ತ ಹೋದರೆ ಎಲ್ಲಿಯವರೆಗೆ ಅದುರುತ್ತದೆ ಎಂಬುದನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಮುಂಗಾಲು ಸರಿಯಿದ್ದು, ಸೋತ ಹಿಂಗಾಲುಗಳಲ್ಲಿ ಮಂಡಿಯ ರಿಫ್ಲೆಕ್ಸ್ (ತಟ್ಟಿದಾಗ ಕಾಲು ತಾನಾಗಿಯೇ ಚಿಮ್ಮುವ ಪ್ರತಿಕ್ರಿಯೆ) ಉಳಿದಿದ್ದರೆ ತೊಂದರೆ ಸಾಮಾನ್ಯವಾಗಿ ಎದೆಯಿಂದ ಸೊಂಟದವರೆಗಿನ ಬೆನ್ನುಹುರಿಯಲ್ಲಿರುತ್ತದೆ. ನಾಲ್ಕೂ ಕಾಲು ಸಡಿಲಗೊಂಡು ರಿಫ್ಲೆಕ್ಸ್‌ಗಳೇ ಕುಂದಿದ್ದರೆ ನರಗಳತ್ತ ಗಮನ ಹರಿಸಬೇಕು. ಸ್ವಲ್ಪ ದೂರ ನಡೆದು ಕುಸಿದು, ಸುಧಾರಿಸಿಕೊಂಡು ಮತ್ತೆ ಏಳುವ, ತಿಂದದ್ದನ್ನು ಹಾಗೆಯೇ ಹೊರಹಾಕುವ ನಾಯಿಗೆ, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಮಯಸ್ತೇನಿಯಾ ಗ್ರಾವಿಸ್ ಕಾಯಿಲೆಗಾಗಿ ರಕ್ತಪರೀಕ್ಷೆ ಮಾಡಿಸಬೇಕು.

ಡ್ಯಾಶ್‌ಹಂಡ್‌ನಂತಹ ಗಿಡ್ಡ ಕಾಲಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತುವುದು ಹೆಚ್ಚು. ಅಲ್ಲಿ ಬೆರಳಿನ ಮೂಳೆಯನ್ನು ಬಲವಾಗಿ ಒತ್ತಿದಾಗ ನಾಯಿಗೆ ನೋವು ತಿಳಿಯುತ್ತದೆಯೇ ಎಂಬುದೇ ನಿರ್ಣಾಯಕ. ಕಾಲನ್ನು ಎಳೆದುಕೊಂಡಿತೆಂದ ಮಾತ್ರಕ್ಕೆ ನೋವು ತಿಳಿಯಿತೆಂದು ಬರೆದುಬಿಡುವುದನ್ನು ನಾನು ಕಂಡಿದ್ದೇನೆ. ಆ ಎಳೆತವು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ರಿಫ್ಲೆಕ್ಸ್; ನೋವು ಮಿದುಳಿಗೆ ತಲುಪಿದ್ದರೆ ನಾಯಿ ತಿರುಗಿ ನೋಡುತ್ತದೆ, ನರಳುತ್ತದೆ ಇಲ್ಲವೇ ಕಚ್ಚಲು ಬರುತ್ತದೆ. ನೋವಿನ ಅರಿವು ಉಳಿದಿರುವಾಗಲೇ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ, ಅದು ಅಳಿದ ಮೇಲೆ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣುವುದಿಲ್ಲ. ಒತ್ತಡದ ಜಾಗ ನಿಖರವಾಗಿ ತಿಳಿಯಲು ಎಂಆರ್‌ಐನಂತಹ ಸ್ಕ್ಯಾನ್ ಬೇಕು.

ಮೂಕ ರೇಬೀಸ್ ಅನ್ನೂ ಮರೆಯುವಂತಿಲ್ಲ. ನಾಯಿ ಕೆರಳದೆಯೇ ಕೆಳದವಡೆ ಜೋತು, ಜೊಲ್ಲು ಸುರಿದು, ಕಾಲು ಸೋಲಬಹುದು. ಲಸಿಕೆಯ ದಾಖಲೆಯಿಲ್ಲದ ಅಂತಹ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿರಬಹುದೆಂದು ಮನೆಯವರು ಬಾಯಿಗೆ ಕೈ ಹಾಕುವುದು ಪ್ರಾಣಾಪಾಯ.

ಪಶುಸಂಗೋಪನಾ ಇಲಾಖೆಯು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದೊಂದಿಗೆ ಸೇರಿ ಜಿಲ್ಲಾ ಪಾಲಿಕ್ಲಿನಿಕ್‌ಗಳ ವೈದ್ಯರಿಗೆ ನರಪರೀಕ್ಷೆಯ ಪ್ರಾಯೋಗಿಕ ತರಬೇತಿ ನೀಡಬೇಕು. ನೋವಿನ ಅರಿವು ಕುಂದುತ್ತಿರುವ ನಾಯಿಯನ್ನು ಅದೇ ದಿನ ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆ ಲಭ್ಯವಿರುವ ಕಡೆಗೆ ಕಳುಹಿಸುವ ವ್ಯವಸ್ಥೆಯನ್ನೂ ರೂಪಿಸಬೇಕು.

— ನಿವೃತ್ತ ಪಶುವೈದ್ಯಾಧಿಕಾರಿ, ಹಾಸನ