ಲಾಗ್ ಸಾಲು ಎಣಿಸುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಆಕ್ಸೆಸ್ ಲಾಗ್ ಅಂದರೆ ನಮ್ಮ ಸೈಟಿಗೆ ಬಂದ ಪ್ರತಿ ರಿಕ್ವೆಸ್ಟನ್ನೂ (ಕೋರಿಕೆ) ಸರ್ವರ್ ಬರೆದಿಡುವ ಫೈಲ್. ಅದರಲ್ಲಿ ಹತ್ತು ಸಾವಿರ ಸಾಲು ಇದ್ದರೆ ಹತ್ತು ಸಾವಿರ ಜನ ಬಂದರು ಅಂತ ಅಲ್ಲ. ಒಂದು ಸಾಲು ಅಂದರೆ ಒಂದು ರಿಕ್ವೆಸ್ಟ್, ಅಷ್ಟೇ. ಒಂದೇ ಪುಟ ತೆರೆದರೂ ಅದರ ಚಿತ್ರ, ಸಿಎಸ್‌ಎಸ್ (ಪುಟದ ವಿನ್ಯಾಸದ ಫೈಲ್), ಸ್ಕ್ರಿಪ್ಟ್ ಎಲ್ಲಕ್ಕೂ ಬೇರೆ ಬೇರೆ ಸಾಲು ಬೀಳುತ್ತದೆ. ಮೊದಲು ಅವನ್ನೆಲ್ಲ ಸೋಸಿ ತೆಗೆಯಿರಿ.

ನಿಜವಾದ ತಲೆನೋವು ಬಾಟ್‌ಗಳದ್ದು, ಅಂದರೆ ತಾವಾಗಿಯೇ ಸೈಟ್ ಸುತ್ತುವ ಪ್ರೋಗ್ರಾಂಗಳದ್ದು. ಯೂಸರ್ ಏಜೆಂಟ್‌ನಲ್ಲಿ (ಬಂದವರು ತಾವೇ ಹೇಳಿಕೊಳ್ಳುವ ಹೆಸರು) ಗೂಗಲ್‌ಬಾಟ್, ಅಂದರೆ ಗೂಗಲ್ ಹುಡುಕಾಟದ ಬಾಟ್ ಅಂತ ಇದ್ದರೆ ಸುಮ್ನೆ ನಂಬಬೇಡಿ, ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆ ಸಾಲಿನ ಐಪಿಗೆ (ಬಂದವರ ಇಂಟರ್ನೆಟ್ ವಿಳಾಸ) ರಿವರ್ಸ್ ಡಿಎನ್‌ಎಸ್ ಮಾಡಿ, ಅಂದರೆ ಆ ವಿಳಾಸದ ಹೆಸರೇನು ಅಂತ ಹುಡುಕಿ. ಸಿಕ್ಕ ಹೆಸರು ಗೂಗಲ್‌ನದೇ ಡೊಮೇನಾ, ಅದು ಮತ್ತೆ ಅದೇ ಐಪಿಗೆ ಬರುತ್ತದಾ ಅಂತ ತಾಳೆ ನೋಡಿ. ವರ್ಡ್‌ಪ್ರೆಸ್ಸೇ (ಸೈಟ್ ಕಟ್ಟುವ ಸಾಫ್ಟ್‌ವೇರ್) ಇಲ್ಲದ ಸೈಟಿನಲ್ಲಿ ಅದರ ಲಾಗಿನ್ ಪುಟ ಹುಡುಕಿ 404 (ಪುಟ ಇಲ್ಲ ಅನ್ನುವ ಉತ್ತರ) ತಿಂದು ಹೋಗುವವರು ಓದುಗರಲ್ಲ, ಬಾಗಿಲು ತಳ್ಳಿ ನೋಡುವ ಸ್ಕ್ರಿಪ್ಟ್‌ಗಳು.

ಹಾಗಾದರೆ ಐಪಿ ಎಣಿಸಿದರೆ ಸಾಕಲ್ವಾ? ಸಾಲದು. ಒಂದು ಕಚೇರಿಯ ಜನರೆಲ್ಲ ಒಂದೇ ಐಪಿಯಿಂದ ಬರಬಹುದು. ಮೊಬೈಲಿನಲ್ಲಿರುವ ಒಬ್ಬರೇ ದಿನಕ್ಕೆ ನಾಲ್ಕು ಐಪಿ ಬದಲಿಸಬಹುದು. ಓದುಗರ ಬ್ರೌಸರಿನ ಕ್ಯಾಶ್‌ನಿಂದಲೇ (ಮೊದಲೇ ಉಳಿಸಿಟ್ಟ ಪ್ರತಿ) ತೆರೆದ ಪುಟವಂತೂ ಲಾಗ್‌ಗೆ ಬರುವುದೇ ಇಲ್ಲ. ಸಿಗುವುದು ಅಂದಾಜು ಮಾತ್ರ. ಆದರೆ ಒಂದೇ ರೀತಿಯಲ್ಲಿ ಸೋಸುತ್ತಾ ಬಂದರೆ ಏರಿಳಿತ ಚೆನ್ನಾಗಿ ಕಾಣುತ್ತದೆ.

ನನಗಂತೂ ಜಾಸ್ತಿ ಉಪಯೋಗಕ್ಕೆ ಬಂದಿದ್ದು 404 ಸಾಲುಗಳ ರೆಫರರ್, ಅಂದರೆ ಬಂದವರು ಯಾವ ಪುಟದ ಲಿಂಕ್ ಒತ್ತಿ ಬಂದರು ಅನ್ನುವ ಮಾಹಿತಿ. ಯಾವ ಪುಟದಲ್ಲಿ ನಮ್ಮ ಲಿಂಕ್ ಮುರಿದಿದೆ ಅಂತ ಅದೇ ಹೇಳುತ್ತದೆ. ಪಟ್ಟಿ, ಗ್ರಾಫ್ ಬೇಕಿದ್ದವರು ಲಾಗ್ ಓದಿ ತೋರಿಸುವ ಗೋಆಕ್ಸೆಸ್ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ, ಉಚಿತ.

ಹಳೆಯ ಲಾಗ್‌ಗಳನ್ನು ಸರ್ವರಿನ ಲಾಗ್‌ರೊಟೇಟ್ ಅನ್ನುವ ಪ್ರೋಗ್ರಾಂ ಅಳಿಸಿಬಿಡುತ್ತದೆ, ಬೇಕಾದ್ದನ್ನು ಮೊದಲೇ ಎತ್ತಿಟ್ಟುಕೊಳ್ಳಿ. ಈ ಗುಂಪಿನಲ್ಲಿ ಲಾಗ್ ಸಾಲು ಹಾಕುವಾಗ ಐಪಿ ಅಳಿಸಿ ಹಾಕಿ, ದಯವಿಟ್ಟು.