ಕಾಂಟ್ ಅಂದರೆ ಬರೀ ಶಿಸ್ತಲ್ಲ

ಮಾನ್ಯ ಸಂಪಾದಕರೇ,

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅಂದ ಕೂಡಲೇ ಕರುಣೆ ಇಲ್ಲದ ಕರ್ತವ್ಯ ಅಂತ ಬೈಯುವುದು ಸುಲಭ. 1785ರಲ್ಲಿ ಅವನು ಕೊಟ್ಟ ಉದಾಹರಣೆ ನೋಡಿ. ತೀರಿಸಲು ಆಗಲ್ಲ ಅಂತ ಗೊತ್ತಿದ್ದೂ ‘ಖಂಡಿತ ಕೊಡ್ತೀನಿ’ ಎಂದು ಸಾಲ ಕೇಳುವವನು, ಎಲ್ಲರೂ ಹೀಗೇ ಮಾಡಲಿ ಎಂದು ಬಯಸಲು ಸಾಧ್ಯವೇ? ಆಗ ಯಾರ ಮಾತನ್ನೂ ಯಾರೂ ನಂಬಲ್ಲ, ಅವನಿಗೂ ಸಾಲ ಹುಟ್ಟಲ್ಲ. ತನಗೊಬ್ಬನಿಗೇ ವಿನಾಯಿತಿ ಬೇಕೆನ್ನುವುದು ತರ್ಕಕ್ಕೇ ನಿಲ್ಲುವುದಿಲ್ಲ, ಇದನ್ನು ತಿಳಿಯಲು ಶಿಕ್ಷೆಯ ಭಯ ಬೇಡ, ಬುದ್ಧಿ ಸಾಕು. ಕರುಣೆ ಕೆಟ್ಟದ್ದು ಅಂತೇನೂ ಅವನು ಹೇಳಲಿಲ್ಲ. ಅದು ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ, ಅದನ್ನೇ ನೆಚ್ಚಿಕೊಳ್ಳಲು ಆಗಲ್ಲ, ಅಷ್ಟೇ. ಆದರೆ ಕೊಲೆಗಾರ ಬಂದು ‘ನಿನ್ನ ಸ್ನೇಹಿತ ಒಳಗಿದ್ದಾನಾ’ ಎಂದರೂ ಸುಳ್ಳು ಹೇಳಬಾರದು ಎಂದು 1797ರಲ್ಲಿ ಬರೆದನಲ್ಲ, ಅದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮನುಷ್ಯರನ್ನು ಬರೀ ನಿಮ್ಮ ಉದ್ದೇಶಕ್ಕೆ ಸಾಧನ ಮಾಡಿಕೊಳ್ಳಬೇಡಿ ಅಂದವನೂ ಇವನೇ ಅಲ್ವಾ?

ಒಬ್ಬ ಓದುಗ