ಹೊಲದ ಕಳೆನಾಶಕ ಹಳ್ಳಕ್ಕೆ

ಮಾನ್ಯರೇ,

ಕಳೆನಾಶಕ ಹೊಡೆದ ಮಾರನೇ ದಿನವೇ ಜೋರು ಮಳೆ ಬಂದರೆ ಆ ಔಷಧಿ ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೇ, ಇನ್ನೆಲ್ಲಿಗೆ! ಸಿಂಪಡಿಸಿದ ಮೇಲೆ ಬರುವ ಮೊದಲ ದೊಡ್ಡ ಮಳೆಯಲ್ಲೇ ಜಾಸ್ತಿ ಕೊಚ್ಚಿಹೋಗುವುದು. ಅಟ್ರಾಜಿನ್ ಎಂಬ ಕಳೆನಾಶಕ ನೀರಿನ ಜೊತೆ ಹರಿಯುತ್ತದೆ, ಅಂತರ್ಜಲಕ್ಕೂ ಇಳಿಯುತ್ತದೆ. ಐರೋಪ್ಯ ಒಕ್ಕೂಟ ಇದೇ ಕಾರಣಕ್ಕೆ 2004ರಲ್ಲಿ ಅದಕ್ಕೆ ಅನುಮತಿ ಕೊಡಲಿಲ್ಲ. ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಭಯವಿಲ್ಲ ಅನ್ನುವವರಿದ್ದಾರೆ. ಸರಿ, ಆದರೆ ಆ ಮಣ್ಣೇ ಕೊಚ್ಚಿಕೊಂಡು ಹೋದರೆ? ಕೆಲವು ಮಿಶ್ರಣಗಳಲ್ಲಿ ಔಷಧಿ ಎಲೆಗೆ ಹಿಡಿಯಲೆಂದು ಬೆರೆಸುವ ಸೋಪಿನಂಥ ವಸ್ತು, ಗೊದಮೊಟ್ಟೆಗಳ ಪಾಲಿಗೆ ಗ್ಲೈಫೋಸೇಟಿಗಿಂತಲೂ ಹೆಚ್ಚು ವಿಷ. ಪಾಚಿಯೂ ಬಿಸಿಲಲ್ಲೇ ಆಹಾರ ಮಾಡಿಕೊಳ್ಳುತ್ತದೆ ಅಲ್ವಾ, ಕಳೆ ಕೊಲ್ಲುವ ಔಷಧಿ ಅದನ್ನು ಬಿಡುತ್ತದೆಯೇ? ಪಾಚಿ ಹೋದರೆ ಅದನ್ನು ತಿನ್ನುವ ಹುಳು, ಆ ಹುಳು ತಿನ್ನುವ ಮೀನು...

ರೈತರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ, ಕಳೆ ಕೀಳಲು ಆಳು ಸಿಗದಾಗ ಅವರೇನು ಮಾಡಬೇಕು? ಹಳ್ಳದ ದಡದಲ್ಲಿ ಕೆಲವು ಮೀಟರ್ ಹುಲ್ಲು ಬಿಟ್ಟರೆ ಸಾಕಷ್ಟು ಮಣ್ಣು ಅಲ್ಲೇ ನಿಲ್ಲುತ್ತದೆ. ಮಳೆ ಬರುವ ಹಾಗಿದ್ದರೆ ಹೊಡೆಯಬೇಡಿ. ಪಂಪು, ಡಬ್ಬ ಹಳ್ಳದಲ್ಲಿ ತೊಳೆಯುವುದನ್ನಂತೂ ಇವತ್ತೇ ನಿಲ್ಲಿಸಿ. ಔಷಧಿ ಮಾರುವವರೂ ಇಷ್ಟನ್ನು ಬಾಯಿಬಿಟ್ಟು ಹೇಳಲಿ, ಡಬ್ಬದ ಮೇಲಿನ ಸಣ್ಣ ಅಕ್ಷರ ಯಾರು ಓದುತ್ತಾರೆ?

– ಒಬ್ಬ ಓದುಗ